ಆಮೆಯ ಕಣ್ಣಿಗೂ ‘ಎ’ ಜೀವಸತ್ವ

ಹೊಲದಲ್ಲಿ ನಕ್ಷತ್ರ ಆಮೆ ಸಿಕ್ಕಿತು, ಸಾಕೋಣ ಅಂತ ನನ್ನ ತಮ್ಮ ಹಟ ಹಿಡಿದ. ಇದು ನಮ್ಮಂಥ ಒಣಸೀಮೆಯ ಕುರುಚಲು ಕಾಡಿನ ಪ್ರಾಣಿ. ಹುಲ್ಲು, ಸೊಪ್ಪು, ಉದುರಿದ ಹಣ್ಣು ಇದರ ಆಹಾರ. ಕೂಡಿಹಾಕಿ ಬರೀ ಅನ್ನ, ಸೌತೆಕಾಯಿ ಹಾಕಿದರೆ ‘ಎ’ ಜೀವಸತ್ವ ಸಾಲದೆ ಕಣ್ಣಿನ ರೆಪ್ಪೆ ಊದಿಕೊಳ್ಳುತ್ತದೆ. ಕಣ್ಣು ಕಾಣದೆ ಮೇವು ಬಿಟ್ಟು ಸಾಯಲೂಬಹುದು.

ಕ್ಯಾರೆಟ್, ಸಿಹಿಕುಂಬಳ, ನುಗ್ಗೆಸೊಪ್ಪಿನಲ್ಲಿ ಕ್ಯಾರೋಟಿನ್ ಇದೆ. ಅದು ದೇಹದೊಳಗೆ ‘ಎ’ ಜೀವಸತ್ವ ಆಗುತ್ತದೆ. ಇದು ಕಮ್ಮಿಯಾದರೆ ನಮಗೂ ಇರುಳು ಕುರುಡು ಬರುತ್ತೆ. ಅದಕ್ಕೇ ಸೊಪ್ಪು ಬಿಡದೆ ತಿನ್ನಿ.

ಆದರೆ ಆಮೆ ಸಾಕಬೇಡಿ! 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಪ್ರಕಾರ ಅದು ಅಪರಾಧ. ಕಂಡರೆ ಅದರ ಪಾಡಿಗೆ ಬಿಡಿ. ಗಾಯವಾಗಿದ್ದರೆ ಅರಣ್ಯ ಇಲಾಖೆಗೆ ತಿಳಿಸಿ. ಇದನ್ನೆಲ್ಲ ಹೇಳಿದ ಮೇಲೆ ತಮ್ಮನೂ ಸಿಕ್ಕಿದ ಜಾಗದಲ್ಲೇ ಬಿಟ್ಟು ಬಂದ.