ಲಸಿಕೆಯ ತರುವಾಯ ರಾಸುಗಳಿಗೆ ಬರುವ ಬಾವು

ಒಂದು ಕಾಲದಲ್ಲಿ ಅಮೃತಮಹಲ್ ರಾಸುಗಳ ಠಾಣ್ಯವಾಗಿದ್ದ ಹುಣಸೂರಿನ ಸೀಮೆಯಲ್ಲಿ, ಬಿಳಿಕೆರೆ ಮೊದಲಾದ ಗ್ರಾಮಗಳಲ್ಲಿ, ದನಕರುಗಳ ಬೆಲೆಯನ್ನರಿಯದ ಮನೆಯಿಲ್ಲ. ಆದರೂ ಕಾಲುಬಾಯಿ ಜ್ವರದ ಲಸಿಕೆಯೆಂದೊಡನೆ, ಕತ್ತು ಬಾತುಕೊಳ್ಳುವುದೆಂದೂ ಹಾಲು ಇಳಿಯುವುದೆಂದೂ ಹಿಂಜರಿಯುವವರುಂಟು. 2013ನೆಯ ಇಸವಿಯಲ್ಲಿ ಇದೇ ಬೇನೆಯಿಂದ ಕರ್ನಾಟಕದಲ್ಲಿ ಸಹಸ್ರಾರು ರಾಸುಗಳು ಸತ್ತುವು.

ಈ ಬಾವು ಮದ್ದಿನ ವಿಷವಲ್ಲ. ಲಸಿಕೆಯಲ್ಲಿರುವುದು ಸತ್ತ ರೋಗಾಣು. ಬಿಳಿಯ ರಕ್ತಕಣಗಳು ಅದನ್ನು ಹಗೆಯೆಂದು ಗುರುತಿಸಿ ಸೈಟೋಕೈನ್ ಎಂಬ ಸಸಾರಜನಕ ದ್ರವ್ಯಗಳನ್ನು ಹೊರಬಿಡುವುವು. ಇವು ಮನೆಮನೆಗೆ ಸುದ್ದಿ ಮುಟ್ಟಿಸುವ ತಳವಾರನಂತೆ. ಇವುಗಳ ಕರೆಯಿಂದ ಆ ಎಡೆಯ ರಕ್ತನಾಳಗಳು ಹಿಗ್ಗಿ ನೀರು ಒಸರುವುದು, ಅದೇ ಬಾವು. ಕರೆಯು ಮಿದುಳನ್ನು ಮುಟ್ಟಿದರೆ ಮೈ ಕಾಯುವುದು. ಅದಕ್ಕೆ ಓಗೊಟ್ಟು ಬಂದ ಕಣಗಳೇ ಮುಂದೆ ಬೇನೆಯನ್ನು ತಡೆಯುವ ಪ್ರತಿಕಾಯಗಳನ್ನು ಸಿದ್ಧಪಡಿಸುವುವು. ಇಳಿದ ಹಾಲು ಕೆಲವು ದಿನಗಳಲ್ಲಿ ಮೊದಲಿನಂತಾಗುವುದು.

ಕೂಗು ಎಲ್ಲಿಯೂ ಹೀಗೆ ಹಿತವಾಗಿಯೇ ಮುಗಿಯುವುದೆಂದಲ್ಲ. ಕೆಚ್ಚಲು ಬಾವಿನಲ್ಲಿ ಅದು ಮಿತಿಮೀರಿದರೆ, ರೋಗಾಣುವನ್ನು ಕೊಲ್ಲಬಂದ ಕಣಗಳು ಹಾಲಿನ ಗ್ರಂಥಿಗಳನ್ನೇ ಕೆಡಿಸಿ, ಮೊಲೆ ಬತ್ತಿಹೋಗುವುದುಂಟು. ಅದಕ್ಕೆ ಬೇಗನೆ ಚಿಕಿತ್ಸೆ ಮಾಡಿಸಬೇಕು.

ಲಸಿಕೆಯ ಬಾವಿಗಾದರೋ ಬರೆ ಎಳೆಯುವುದಾಗಲಿ ಕೊಯ್ಯುವುದಾಗಲಿ ಕೂಡದು. ಒಮ್ಮೆ ಹಾಕಿಸಿದ ಲಸಿಕೆಯ ಬಲ ತಿಂಗಳುಗಳಲ್ಲಿ ಕುಂದುವುದರಿಂದ ಆರಾರು ತಿಂಗಳಿಗೊಮ್ಮೆ ಹಾಕಿಸತಕ್ಕದ್ದು. ಗ್ರಾಮದ ಮುಖ್ಯಸ್ಥರು ಒಂದು ಕೊಟ್ಟಿಗೆಯೂ ತಪ್ಪದಂತೆ ನೋಡಿಕೊಳ್ಳಬೇಕು. ಬಾವು ಕೀವುಗಟ್ಟಿದರೆ, ಜ್ವರ ಮೂರು ದಿನ ಮೀರಿದರೆ, ಅಥವಾ ಲಸಿಕೆಯಾದ ಸ್ವಲ್ಪ ಹೊತ್ತಿನಲ್ಲಿಯೇ ರಾಸು ಏದುಸಿರು ಬಿಟ್ಟರೆ ತಡಮಾಡದೆ ಪಶುವೈದ್ಯರಿಗೆ ಹೇಳಿಕಳುಹಿಸತಕ್ಕದ್ದು.