‘ಇಸಿಎಂ ಹೋಗಿದೆ ಸಾರ್’ ಅಂದಾಗ: ಹಳೇ ಎಸ್‌ಯುವಿ ಮಾಲೀಕರಿಗೆ ಹತ್ತು ಸೂತ್ರಗಳು

ಹದಿನೈದು ವರ್ಷ ದುಡಿದ ಡೀಸೆಲ್ ಗಾಡಿ. ಒಂದು ಬೆಳಗ್ಗೆ ಸೆಲ್ಫ್ ತಿರುಗುತ್ತದೆ, ಎಂಜಿನ್ ಹಿಡಿಯುವುದಿಲ್ಲ. ಮೆಕ್ಯಾನಿಕ್ ಬಂದು ಸ್ಕ್ಯಾನರ್ ಚುಚ್ಚುತ್ತಾನೆ, ಪರದೆ ನೋಡಿ ‘ಚ್ಚ್’ ಎನ್ನುತ್ತಾನೆ. ಅಲ್ಲಿಂದಾಚೆಗಿನ ಮಾತೆಲ್ಲ ಸಾವಿರಗಳಲ್ಲಿ.

ಹಿಂದಿನ ಡೀಸೆಲ್ ಗಾಡಿಗಳಲ್ಲಿ ಪಂಪೇ ಯಜಮಾನ. ಸ್ಕಾರ್ಪಿಯೋ, ಸಫಾರಿಗಳಿಗೆ 2000ರ ದಶಕದ ಮಧ್ಯದಲ್ಲಿ ಕಾಮನ್ ರೇಲ್ ಎಂಜಿನ್ ಬಂತು; ಯಜಮಾನಿಕೆ ಇಸಿಎಂ, ಅಂದರೆ ಎಂಜಿನ್ ಕಂಟ್ರೋಲ್ ಮಾಡ್ಯೂಲ್ ಎಂಬ ಅಲ್ಯೂಮಿನಿಯಂ ಪೆಟ್ಟಿಗೆಗೆ ಹೋಯಿತು. ಯಾವ ಇಂಜೆಕ್ಟರ್ ಯಾವಾಗ, ಎಷ್ಟು ಹೊತ್ತು ತೆರೆಯಬೇಕು ಎಂಬುದೆಲ್ಲ ಇಸಿಎಂ ಹೇಳಿದ ಹಾಗೆ. ಅದು ಕೆಡುವುದುಂಟು. ಆದರೆ ಕೆಟ್ಟಿದೆ ಎಂದು ಹೇಳಿಸಿಕೊಂಡಷ್ಟು ಸಲ ಖಂಡಿತ ಕೆಟ್ಟಿರುವುದಿಲ್ಲ.

1. ಮೊದಲು ದೀಪ ನೋಡಿ

ಕೀ ಆನ್ ಮಾಡಿ, ಸ್ಟಾರ್ಟ್ ಮಾಡಬೇಡಿ. ಮೀಟರಿನಲ್ಲಿ ಎಂಜಿನ್ ಚಿತ್ರದ ದೀಪ ಹತ್ತಬೇಕು. ಹತ್ತಿತು, ಸ್ಕ್ಯಾನರ್ ಜೊತೆ ಮಾತೂ ಆಡಿತು ಎಂದರೆ ಪೆಟ್ಟಿಗೆಗೆ ಜೀವವಿದೆ. ಎರಡೂ ಇಲ್ಲದಿದ್ದರೆ ಅದು ಸತ್ತಿರಬಹುದು, ಇಲ್ಲವೇ ಅದಕ್ಕೆ ಕರೆಂಟೇ ತಲುಪದಿರಬಹುದು. ಹೆಚ್ಚಿನ ದುಡ್ಡು ದಂಡವಾಗುವುದು ಈ ಎರಡರ ನಡುವಿನ ವ್ಯತ್ಯಾಸ ಹುಡುಕದೇ ಇದ್ದಾಗ.

2. ಅರ್ಥಿಂಗ್ ಸರಿಯಿಲ್ಲದ ಗಾಡಿಗೆ ಏನೂ ಅರ್ಥವಾಗುವುದಿಲ್ಲ

ಬೇರೆಲ್ಲ ಮರೆತರೂ ಇದೊಂದನ್ನು ಮರೆಯಬೇಡಿ. ಚೆನ್ನಾಗಿ ಚಾರ್ಜ್ ಆದ ಬ್ಯಾಟರಿ ಸುಮ್ಮನಿದ್ದಾಗ 12.6 ವೋಲ್ಟ್ ಆಸುಪಾಸು ತೋರಿಸಬೇಕು. ಸೆಲ್ಫ್ ಹೊಡೆಯುವಾಗ 10ಕ್ಕಿಂತ ಬಹಳ ಕೆಳಗಿಳಿದರೆ ಇಸಿಎಂ ಮಂಪರಿಗೆ ಜಾರಿ ಮತ್ತೆ ಮತ್ತೆ ಎಚ್ಚರಗೊಳ್ಳುತ್ತಿರುತ್ತದೆ, ಎಂಜಿನ್ ಹಿಡಿಯುವುದಿಲ್ಲ. ಬ್ಯಾಟರಿ ಸರಿಯಿದ್ದರೆ ಫ್ಯೂಸ್, ಆಮೇಲೆ ಮೇನ್ ರಿಲೇ. ಪಕ್ಕದ ಗೂಡಿನಲ್ಲಿ ಅದೇ ನಂಬರಿನ ರಿಲೇ ಇದ್ದರೆ ಅದಲು ಬದಲು ಮಾಡಿ ನೋಡಿ. ಇದಕ್ಕಿಂತ ಅಗ್ಗದ ಪರೀಕ್ಷೆ ಇನ್ನೊಂದಿಲ್ಲ.

ಕೊನೆಗೆ ಅರ್ಥ್ ವೈರು. ಮಲ್ಟಿಮೀಟರಿನ ಒಂದು ಕಡ್ಡಿ ಬ್ಯಾಟರಿಯ ನೆಗೆಟಿವ್‌ಗೆ, ಇನ್ನೊಂದು ಇಸಿಎಂನ ಅರ್ಥ್ ಪಿನ್ನಿಗೆ. ಯಾರಾದರೂ ಸೆಲ್ಫ್ ಹೊಡೆಯುತ್ತಿರುವಾಗಲೇ ಓದಬೇಕು. 0.1, ಹೆಚ್ಚೆಂದರೆ 0.2 ವೋಲ್ಟ್. ಅದಕ್ಕಿಂತ ಮೇಲೆ ಹೋದರೆ ದಾರಿಯಲ್ಲೆಲ್ಲೋ ತುಕ್ಕು ಕೂತಿದೆ. ಬರೀ ಓಮ್ಸ್ ನೋಡಿ ‘ವೈರು ಸರಿ ಇದೆ’ ಎನ್ನುವವರನ್ನು ನಂಬಬೇಡಿ. ಒಂದೇ ಎಳೆ ಉಳಿದ ವೈರೂ ಓಮ್ಸ್‌ನಲ್ಲಿ ಪಾಸಾಗುತ್ತದೆ, ಹೊರೆ ಬಿದ್ದಾಗ ಕೈ ಕೊಡುತ್ತದೆ.

ನನ್ನ ಗಾಡಿ ಒಂದು ಮಳೆಗಾಲದಲ್ಲಿ ಆಗುಂಬೆ ಘಾಟಿ ಹತ್ತಿ ಬಂದ ಮರುದಿನ ಮುಷ್ಕರ ಹೂಡಿತ್ತು. ವರ್ಕ್‌ಶಾಪ್‌ನವರು ಕೊಟ್ಟ ಎಸ್ಟಿಮೇಟ್ ನೋಡಿ ಗಾಡಿ ಮಾರುವುದೇ ವಾಸಿ ಅನಿಸಿತು. ಊರಿನ ಆಟೊ ಎಲೆಕ್ಟ್ರಿಷಿಯನ್ ಬ್ಯಾಟರಿ ಟ್ರೇ ಎತ್ತಿದ, ಅಡಿಯಲ್ಲಿ ಹಸಿರುಗಟ್ಟಿದ್ದ ಒಂದು ಬೋಲ್ಟ್ ಬಿಚ್ಚಿದ, ಉಜ್ಜಿ ಬಿಗಿದ. ಆ ಇಸಿಎಂ ಇವತ್ತಿಗೂ ಗಾಡಿಯಲ್ಲೇ ಇದೆ.

3. ಐದು ವೋಲ್ಟಿನ ಮೋಸ

ಆಕ್ಸಿಲರೇಟರ್ ಪೆಡಲ್, ರೇಲ್ ಪ್ರೆಷರ್, ಬೂಸ್ಟ್ ಪ್ರೆಷರ್ ಮುಂತಾದ ಸೆನ್ಸರ್‌ಗಳಿಗೆ ಇಸಿಎಂ 5 ವೋಲ್ಟ್ ಹಂಚುತ್ತದೆ. ಅವುಗಳಲ್ಲಿ ಒಂದು ಶಾರ್ಟ್ ಆದರೆ ಅದೇ ಸಾಲಿನ ಉಳಿದವೂ ಕುಸಿಯುತ್ತವೆ. ಸ್ಕ್ಯಾನರ್ ತುಂಬ ದೋಷದ ಕೋಡು, ಪೆಟ್ಟಿಗೆಯ ಮೇಲೆ ಅಪವಾದ. ಸೆನ್ಸರ್‌ಗಳ ಸಾಕೆಟ್ ಒಂದೊಂದಾಗಿ ಕಳಚುತ್ತ ಹೋಗಿ. ಯಾವುದನ್ನು ಕಳಚಿದಾಗ 5 ವೋಲ್ಟ್ ಮರಳುತ್ತದೋ ಕಳ್ಳ ಅವನೇ, ಅಥವಾ ಅವನ ವೈರು.

4. ಕೋಡ್ ಎಂದರೆ ದೂರು, ತೀರ್ಪಲ್ಲ

‘ಯು0100’ ಬಂದಿದೆ ಎಂದರೆ ಇಸಿಎಂ ದನಿ ಕೇಳಿಸುತ್ತಿಲ್ಲವೆಂದು ಬೇರೆ ಮಾಡ್ಯೂಲ್‌ಗಳು ದೂರು ಕೊಟ್ಟಿವೆ, ಅಷ್ಟೆ. ‘ಪಿ0601’, ‘ಪಿ0606’ ಪೆಟ್ಟಿಗೆಯ ಒಳಗಿನ ದೋಷವನ್ನೇ ಹೇಳುತ್ತವೆ. ಆದರೆ ಬಡಕಲು ಬ್ಯಾಟರಿಯೂ ಅವನ್ನು ಹುಟ್ಟಿಸಬಲ್ಲದು. ಬರೆದಿಟ್ಟುಕೊಂಡು ಅಳಿಸಿ, ಬ್ಯಾಟರಿ ಸರಿಮಾಡಿ, ಮತ್ತೆ ಬರುತ್ತವೆಯೇ ನೋಡಿ. ಗಾಡಿಯಲ್ಲಿ ಮಾಡ್ಯೂಲ್‌ಗಳು ಪರಸ್ಪರ ಮಾತಾಡುವ ಕ್ಯಾನ್ ಜಾಲವಿದ್ದರೆ ಬ್ಯಾಟರಿ ಕಳಚಿ, ಸ್ಕ್ಯಾನರ್ ಚುಚ್ಚುವ ಓಬಿಡಿ ಸಾಕೆಟ್ಟಿನ 6 ಮತ್ತು 14ನೇ ಪಿನ್ ನಡುವೆ ಅಳೆಯಿರಿ: ಸುಮಾರು 60 ಓಮ್ಸ್ ಬಂದರೆ ಸರಿ. 120 ಬಂದರೆ ಜಾಲದ ಒಂದು ತುದಿ ಕಡಿದಿದೆ. ಇನ್ನೂ ಹಳೆಯ ಗಾಡಿಗಳು 7ನೇ ಪಿನ್ನಿನ ಕೆ-ಲೈನಿನಲ್ಲಿ ಮಾತಾಡುತ್ತವೆ, ಅಲ್ಲಿ ಈ ಲೆಕ್ಕ ನಡೆಯದು.

5. ನಿಜವಾಗಿಯೂ ಸತ್ತಿದ್ದರೆ, ಪೋಸ್ಟ್‌ಮಾರ್ಟಂ ಮಾಡಿಸಿ

ಪೆಟ್ಟಿಗೆ ತಾನಾಗಿ ಸಾಯುವುದು ಅಪರೂಪ. ಬಾನೆಟ್ ಎತ್ತಿ ಪ್ರೆಷರ್ ವಾಟರ್ ಹೊಡೆಸಿದಿರಾ? ಬ್ಯಾಟರಿ ಕಳಚದೆ ಚಾಸಿಗೆ ವೆಲ್ಡಿಂಗ್ ಮಾಡಿಸಿದಿರಾ? ಜಂಪ್ ಸ್ಟಾರ್ಟ್ ಮಾಡುವಾಗ ಕೆಂಪು, ಕಪ್ಪು ಅದಲು ಬದಲಾಯಿತೇ? ಇಲಿ ವೈರು ಕಡಿಯಿತೇ? ಯಾವುದಾದರೂ ಇಂಜೆಕ್ಟರ್ ಶಾರ್ಟ್ ಆಗಿ ಪೆಟ್ಟಿಗೆಯೊಳಗಿನ ಡ್ರೈವರ್ ಸರ್ಕ್ಯೂಟ್ ಸುಟ್ಟಿತೇ? ಕಾರಣ ಸಿಗದೆ ಹೊಸದನ್ನು ಕೂರಿಸಿದರೆ ಅದಕ್ಕೂ ಅದೇ ಗತಿ. ಆಗ ಮಾರಿದವನು ನಿಮ್ಮ ವೈರಿಂಗ್ ತೋರಿಸುತ್ತಾನೆ. ಅವನು ಹೇಳುವುದೂ ಸರಿಯೇ.

6. ಹಳೆಯದನ್ನು ಗುಜರಿಗೆ ಹಾಕಬೇಡಿ

ಅದರೊಳಗೆ ನಿಮ್ಮ ಗಾಡಿಯ ಜಾತಕವಿದೆ: ಸಾಫ್ಟ್‌ವೇರ್, ಇಮೊಬಿಲೈಸರ್ ಗುಟ್ಟು, ಇಂಜೆಕ್ಟರ್‌ಗಳ ವಿವರ. ಬೋರ್ಡು ಹಾಳಾಗಿದ್ದರೂ ಮೆಮೊರಿ ಚಿಪ್ ಬದುಕಿರುವುದುಂಟು. ಬಲ್ಲವರು ಆ ಮಾಹಿತಿ ತೆಗೆದು ಇನ್ನೊಂದಕ್ಕೆ ಹಾಗೇ ಇಳಿಸುತ್ತಾರೆ. ಬಿರುಕುಬಿಟ್ಟ ಬೆಸುಗೆ, ಸುಟ್ಟ ಡ್ರೈವರ್, ಸೋರಿದ ಕೆಪಾಸಿಟರ್ ಮಾತ್ರವಾದರೆ ರಿಪೇರಿಯೇ ಸಾಕು. ನೀರು ನುಗ್ಗಿ ಬೋರ್ಡಿನ ಪದರಗಳೇ ಕೊಳೆತಿದ್ದರೆ ಮಾತ್ರ ಆಸೆ ಬಿಡಿ.

7. ಸೆಕೆಂಡ್‌ಹ್ಯಾಂಡ್ ಕೊಳ್ಳುವಾಗ ಮುಖವಲ್ಲ, ನಂಬರು ನೋಡಿ

ಬೆಂಗಳೂರಿನ ಜೆ.ಸಿ. ರಸ್ತೆ, ಶಿವಾಜಿನಗರಗಳಲ್ಲಿ ಅವಳಿಜವಳಿಯಂತೆ ಕಾಣುವ ಪೆಟ್ಟಿಗೆಗಳು ಸಿಗುತ್ತವೆ. ಆಕಾರ, ಸಾಕೆಟ್ ಹೊಂದಿದ ಮಾತ್ರಕ್ಕೆ ಜೇಬಿಗೆ ಕೈ ಹಾಕಬೇಡಿ. ಬಾಷ್ ಡೀಸೆಲ್ ಪೆಟ್ಟಿಗೆಗಳ ನಂಬರು 0 281ರಿಂದ ಶುರುವಾಗುತ್ತದೆ; ಪೂರ್ತಿ ಹತ್ತು ಅಂಕಿ, ಜೊತೆಗೆ ಗಾಡಿ ಕಂಪನಿಯ ಪಾರ್ಟ್ ನಂಬರು ಎರಡೂ ತಾಳೆಯಾಗಬೇಕು. ಒಂದೇ ಮಾಡೆಲ್ಲಿನಲ್ಲಿ ಬಿಎಸ್-3, ಬಿಎಸ್-4 ಎಂದು ಭೇದವಿರುತ್ತದೆ, ಗೇರ್‌ಬಾಕ್ಸಿಗೆ ತಕ್ಕಂತೆಯೂ ಇರುತ್ತದೆ. ಸ್ಟಿಕ್ಕರ್ ಕೆರೆದು ಹಾಕಿದ್ದರೆ ಹಾಗೇ ಮುಂದಿನ ಅಂಗಡಿಗೆ ನಡೆಯಿರಿ.

8. ಬೀಗದ ಕೈ ಇಲ್ಲದೆ ಮನೆ ಕೊಳ್ಳಬೇಡಿ

ಇಮೊಬಿಲೈಸರ್ ಇರುವ ಗಾಡಿಯಲ್ಲಿ ಕೀ ಒಳಗಿನ ಚಿಪ್ಪನ್ನು ಗುರುತಿಸದೆ ಇಸಿಎಂ ಡೀಸೆಲ್ ಬಿಡುವುದಿಲ್ಲ. ಬೇರೆ ಗಾಡಿಯ ಪೆಟ್ಟಿಗೆ ನಿಮ್ಮ ಕೀಗೆ ಅಪರಿಚಿತ. ಮೂರು ದಾರಿಗಳಿವೆ: ಹಳೆಯದರ ಮಾಹಿತಿ ಇಳಿಸುವುದು, ಕಂಪನಿಯ ಉಪಕರಣದಿಂದ ಕೀಗಳನ್ನು ಹೊಸದಾಗಿ ಕಲಿಸುವುದು, ಇಲ್ಲವೇ ಆ ಗಾಡಿಯ ಇಮೊಬಿಲೈಸರ್, ಕೀ ಸಮೇತ ಪೂರ್ತಿ ಸೆಟ್ ಕೊಳ್ಳುವುದು. ಕಲಿಸುವ ದಿನ ಬೀರುವಿನಲ್ಲಿ ಮಲಗಿರುವ ಎರಡನೇ ಕೀಯನ್ನೂ ಒಯ್ಯಿರಿ.

9. ಕೂರಿಸುವುದು ಅರ್ಧ ಗಂಟೆ, ಕಲಿಸುವುದೇ ಕೆಲಸ

ಬಿಚ್ಚುವಾಗ ನೆಗೆಟಿವ್ ಮೊದಲು, ಜೋಡಿಸುವಾಗ ಕೊನೆಗೆ. ಪೆಟ್ಟಿಗೆ ಮುಟ್ಟುವ ಮೊದಲು ಗಾಡಿಯ ಬರೀ ಲೋಹ ಮುಟ್ಟಿ ಮೈಮೇಲಿನ ಸ್ಟ್ಯಾಟಿಕ್ ಕಳೆದುಕೊಳ್ಳಿ. ಸಾಕೆಟ್ಟಿನಲ್ಲಿ ಬಾಗಿದ ಪಿನ್, ಹಸಿರು ಪುಡಿ ಇದೆಯೇ ಟಾರ್ಚ್ ಹಿಡಿದು ನೋಡಿ. ಕಾಂಟ್ಯಾಕ್ಟ್ ಕ್ಲೀನರ್ ಸಾಕು, ಉಪ್ಪುಕಾಗದ ಬೇಡ.

ಪ್ರೋಗ್ರಾಂ ಬರೆಯುವಾಗ ಬ್ಯಾಟರಿಗೆ ಸ್ಥಿರವಾದ ಚಾರ್ಜರ್ ಜೋಡಿಸಿರಲೇಬೇಕು. ನಡುವೆ ವೋಲ್ಟ್ ಕುಸಿದರೆ ಹೊಸ ಪೆಟ್ಟಿಗೆ ಇಟ್ಟಿಗೆಯಾಗುತ್ತದೆ. ‘ಏನಾಗಲ್ಲ ಸಾರ್, ಬ್ಯಾಟರಿ ಹೊಸದು’ ಎನ್ನುವವನಿಗೆ ‘ಚಾರ್ಜರ್ ತಂದ ಮೇಲೆ ಶುರುಮಾಡೋಣ’ ಎನ್ನಿ. ಇನ್ನೊಂದು: ಬಾಷ್ ಕಾಮನ್ ರೇಲ್ ಇಂಜೆಕ್ಟರ್‌ಗಳ ತಲೆಯ ಮೇಲೆ ಪುಟ್ಟ ಅಕ್ಷರಗಳಲ್ಲಿ ಒಂದೊಂದು ಕೋಡ್ ಇರುವುದುಂಟು. ಯಾವ ಇಂಜೆಕ್ಟರ್ ಎಷ್ಟು ಹೆಚ್ಚು ಕಡಿಮೆ ಸುರಿಯುತ್ತದೆ ಎಂಬ ಗುಟ್ಟು ಅದು. ಆಯಾ ಸಿಲಿಂಡರ್‌ನ ಕೋಡನ್ನು ಹೊಸ ಪೆಟ್ಟಿಗೆಗೆ ಸರಿಯಾಗಿ ತುಂಬಿಸದಿದ್ದರೆ ಗಾಡಿ ಸ್ಟಾರ್ಟ್ ಆಗುತ್ತದೆ, ಆದರೆ ಐಡ್ಲಿಂಗ್‌ನಲ್ಲಿ ನಡುಗಬಹುದು, ಹೊಗೆ ಉಗುಳಬಹುದು. ಎಣ್ಣೆಮಣ್ಣು ಒರೆಸಿ ಮೊಬೈಲಿನಲ್ಲಿ ಫೋಟೊ ತೆಗೆದಿಟ್ಟುಕೊಳ್ಳಿ. ಮುಂದೆ ಯಾರಾದರೂ ಇಂಜೆಕ್ಟರ್ ಬಿಚ್ಚಿ ಜಾಗ ಬದಲಿಸಿದರೂ ಆ ಫೋಟೊ ಉಪಯೋಗಕ್ಕೆ ಬರುತ್ತದೆ.

10. ಬಿಸಿಯಾಗುವ ತನಕ ದುಡ್ಡು ಕೊಡಬೇಡಿ

ಬಿರುಕುಬಿಟ್ಟ ಬೆಸುಗೆ ತಣ್ಣಗಿದ್ದಾಗ ಸಭ್ಯವಾಗಿರುತ್ತದೆ. ಬಿಸಿಯೇರಿ ಅದುರಿದಾಗಲೇ ಅದರ ನಿಜರೂಪ. ಕೋಡ್ ಎಲ್ಲ ಅಳಿಸಿ, ಏರು ರಸ್ತೆಯೂ ಸೇರಿದಂತೆ ಒಂದು ಗಂಟೆ ಓಡಿಸಿ, ಎಸಿ ಹಾಕಿ ನಿಲ್ಲಿಸಿ, ಆಫ್ ಮಾಡಿ ಬಿಸಿ ಇರುವಾಗಲೇ ಮತ್ತೆ ಸ್ಟಾರ್ಟ್ ಮಾಡಿ, ಇನ್ನೊಮ್ಮೆ ಸ್ಕ್ಯಾನ್ ಮಾಡಿಸಿ. ಪರದೆ ಖಾಲಿ ಇದ್ದರೆ ಬಿಲ್ಲಿನಲ್ಲಿ ಪಾರ್ಟ್ ನಂಬರು, ಗ್ಯಾರಂಟಿ ಅವಧಿ ಬರೆಸಿಕೊಂಡು ದುಡ್ಡು ಕೊಡಿ. ಹೊರಡುವ ಮುಂಚೆ ಹಳೇ ಪೆಟ್ಟಿಗೆ ವಾಪಸ್ ಕೇಳಿ. ‘ಅದ್ಯಾಕೆ ಸಾರ್, ವೇಸ್ಟು’ ಅಂತಾರೆ. ಆದರೂ ಕೇಳಿ.