ಪುರವರ್ಣನೆಯಿಂದ ನಗರಾನುಭವದೆಡೆಗೆ: ಮುಂಬಯಿ ಕನ್ನಡ ಕಥನದಲ್ಲಿ ವಲಸೆ

ಬ್ಯಾಡಗಿ ತಾಲ್ಲೂಕಿನ ಕದರಮಂಡಲಗಿಯು ಕಾಂತೇಶನ ಕ್ಷೇತ್ರವೆಂದು ಪ್ರಸಿದ್ಧವಾಗಿದೆ. ಕನಕದಾಸರು ‘ಮೋಹನತರಂಗಿಣಿ’ಯನ್ನು ಇಲ್ಲಿಯೇ ರಚಿಸಿದರೆಂಬ ಪ್ರತೀತಿಯಿದೆ. 42 ಸಂಧಿಗಳ ಈ ಸಾಂಗತ್ಯ ಕೃತಿಯ ದ್ವಾರಕೆಯಲ್ಲಿ ವಿದ್ವಾಂಸರು ವಿಜಯನಗರದ ಛಾಯೆಯನ್ನು ಗುರುತಿಸಿದ್ದಾರೆ. ಅಷ್ಟಾದಶ ವರ್ಣನೆಗಳ ಪರಂಪರೆಯಲ್ಲಿ ನಗರವು ಕಣ್ತುಂಬ ನೋಡತಕ್ಕ ವೈಭವ. ಅಲ್ಲಿಗೆ ಹೊಟ್ಟೆಪಾಡಿಗಾಗಿ ಬಂದವನ ಆತಂಕಕ್ಕೆ ಆ ವರ್ಣನೆಯಲ್ಲಿ ಎಡೆ ಕಡಿಮೆ. ಇಪ್ಪತ್ತನೆಯ ಶತಮಾನದ ಮುಂಬಯಿ ಕನ್ನಡ ಕಥನವು ಈ ನೋಟವನ್ನು ತಿರುಗಿಸಿತು. ನೋಡುವವನ ಸ್ಥಾನದಲ್ಲಿ ಬದುಕುವವನು ಬಂದು ನಿಂತನು.

ಈ ಕಥನವನ್ನು ಊರಿನ ಹಂಬಲದ ಸಾಹಿತ್ಯವೆಂದು ಓದುವ ರೂಢಿ ನಮ್ಮ ತರಗತಿಗಳಲ್ಲಿ ಬೇರೂರಿದೆ. ಆದರೆ ಕೃತಿಗಳು ಈ ಓದಿಗೆ ಪೂರ್ಣವಾಗಿ ಒಗ್ಗುವುದಿಲ್ಲ. ಯಶವಂತ ಚಿತ್ತಾಲರ ‘ಶಿಕಾರಿ’ (1979) ಕಾದಂಬರಿಯ ನಾಗಪ್ಪನು ತನ್ನ ಮೇಲಿನ ಆರೋಪವೇನೆಂಬುದು ಸ್ಪಷ್ಟವಾಗದೆಯೇ ಕಂಪನಿಯಿಂದ ಅಮಾನತಾಗುತ್ತಾನೆ. ಅವನನ್ನು ಕಾಡುವುದು ಬಿಟ್ಟುಬಂದ ಊರೊಂದೇ ಅಲ್ಲ. ಮನುಷ್ಯನ ಸತ್ಯಕ್ಕಿಂತ ಕಡತದ ಸತ್ಯವೇ ಮೇಲಾಗುವ ವ್ಯವಸ್ಥೆ. ವ್ಯಾಸರಾಯ ಬಲ್ಲಾಳರು ‘ಬಂಡಾಯ’ದಲ್ಲಿ ಅದೇ ನಗರವನ್ನು ಕಾರ್ಮಿಕ ಸಂಘರ್ಷದ ನೆಲೆಯಿಂದ ಕಂಡರು. ಈ ಕಾದಂಬರಿಗೆ 1986ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ದೊರೆಯಿತು.

ಜಯಂತ ಕಾಯ್ಕಿಣಿಯವರಲ್ಲಿ ದೃಷ್ಟಿ ಮತ್ತೊಮ್ಮೆ ಬದಲಾಗುತ್ತದೆ. ‘ಅಪೇರಾ ಹೌಸ್’ ಕಥೆಯ ಇಂದ್ರನೀಲನು ಚಿತ್ರಮಂದಿರದ ಕಸ ಗುಡಿಸುವವನು. ಪ್ರೇಕ್ಷಕರು ಮರೆತುಹೋದ ವಸ್ತುಗಳ ಮೂಲಕ ಅವನು ಅಪರಿಚಿತರೊಡನೆ ಸಂಬಂಧ ಕಟ್ಟಿಕೊಳ್ಳುತ್ತಾನೆ. ರಕ್ತಸಂಬಂಧವಿಲ್ಲದೆಯೂ ಬಂಧುತ್ವ ಸಾಧ್ಯವೆಂಬುದು ಇಲ್ಲಿಯ ಶೋಧ. ಹೀಗೆ ನಗರವು ಚಿತ್ತಾಲರಲ್ಲಿ ಬೇಟೆಗಾರ, ಬಲ್ಲಾಳರಲ್ಲಿ ಹೋರಾಟದ ಕಣ, ಕಾಯ್ಕಿಣಿಯವರಲ್ಲಿ ನೆರೆಹೊರೆ.

ಈ ಪಲ್ಲಟ ಕನ್ನಡಕ್ಕೆ ಮಾತ್ರ ಸೀಮಿತವಲ್ಲ. ನೈಜೀರಿಯಾದ ಸಿಪ್ರಿಯನ್ ಎಕ್ವೆನ್ಸಿ ‘ಪೀಪಲ್ ಆಫ್ ದ ಸಿಟಿ’ (1954) ಮತ್ತು ‘ಜಾಗ್ವಾ ನಾನಾ’ (1961) ಕಾದಂಬರಿಗಳಲ್ಲಿ ಲಾಗೋಸ್ ನಗರವನ್ನು ಆಕರ್ಷಣೆ ಹಾಗೂ ಅಪಾಯಗಳೆರಡರ ತಾಣವಾಗಿ ಚಿತ್ರಿಸಿದರು. ವಸಾಹತು ಆಡಳಿತದಲ್ಲಿ ಬೆಳೆದ ಎರಡು ಬಂದರು ನಗರಗಳ ಕಥನಗಳನ್ನು ಜೊತೆಯಾಗಿ ಓದುವ ತೌಲನಿಕ ಅಧ್ಯಯನಕ್ಕೆ ಇಲ್ಲಿ ವಿಪುಲ ಅವಕಾಶವಿದೆ.

ಆದರೆ ಒಂದು ಮಿತಿಯನ್ನು ಗಮನಿಸಬೇಕು. ಹನೇಹಳ್ಳಿಯ ಚಿತ್ತಾಲ, ಉಡುಪಿಯ ಬಲ್ಲಾಳ, ಗೋಕರ್ಣದ ಕಾಯ್ಕಿಣಿ ಮೂವರೂ ಕರಾವಳಿಯವರು. ಅಕ್ಷರದ ಬಲದಿಂದ ನಗರ ಸೇರಿದವರು. ಮಳೆ ಕೈಕೊಟ್ಟಾಗ ಹಾವೇರಿ ಸೀಮೆಯಿಂದ ಗೋವೆಗೋ ಬೆಂಗಳೂರಿಗೋ ಗುಳೆ ಹೋಗುವ ಕೂಲಿಕಾರನಿಗೆ ನಗರವು ನೆಲೆಯಲ್ಲ, ಒಂದು ಹಂಗಾಮು ಮಾತ್ರ. ಅವನು ಕಟ್ಟಿದ ಮನೆಯಲ್ಲಿ ಅವನು ವಾಸಿಸುವುದಿಲ್ಲ. ಅವನ ಅನುಭವವನ್ನು ಮುದ್ರಿತ ಕಾದಂಬರಿಯಲ್ಲಿ ಮಾತ್ರ ಅರಸಿದರೆ ಅದು ಸುಲಭವಾಗಿ ಕೈಗೆ ಸಿಗಲಾರದು. ಗುಳೆಯಿಂದ ಮರಳಿದವರ ಮಾತು, ಹಾಡು, ಊರಿನಲ್ಲಿಯೇ ಉಳಿದ ಮುದುಕರ ಹಾಗೂ ಹೆಣ್ಣುಮಕ್ಕಳ ನಿರೂಪಣೆಗಳು ಸಹ ಆಕರಗಳಾಗಬೇಕು. ಪುರವರ್ಣನೆಯಲ್ಲಿ ಎಡೆ ದೊರೆಯದವನು ಸಂಶೋಧನೆಯಲ್ಲಿಯೂ ಹೊರಗುಳಿಯಬಾರದು. ವಲಸೆ ಸಾಹಿತ್ಯದ ಅಧ್ಯಯನವು ಪೂರ್ಣಗೊಳ್ಳಬೇಕಾದರೆ ಅದು ನಗರದಿಂದ ಗುಳೆಯ ದಾರಿಗೂ, ಆ ದಾರಿಯಿಂದ ಹಳ್ಳಿಗೂ ವಿಸ್ತರಿಸಬೇಕಾಗಿದೆ.